ಎಳೆಯುತ್ತದೆ ಸರಿ, ಹೊರುತ್ತದಾ?

ಪ್ರಶ್ನೆ: ನಮ್ಮ ಎಸ್‌ಯುವಿ 3000 ಕೆ.ಜಿ. ಎಳೆಯಬಹುದು ಅಂತ ಕಂಪನಿಯ ಪುಸ್ತಕದಲ್ಲಿದೆ. ಈಗಿರುವ ಟ್ರಾವೆಲ್ ಟ್ರೇಲರ್ (ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಗಾಲಿಮನೆ) ಚಿಕ್ಕದು, ಮಕ್ಕಳು ಬೆಳೆದಿದ್ದಾರೆ, ಜಾಗ ಸಾಲುತ್ತಿಲ್ಲ. ನೋಡಿಟ್ಟಿರುವ ದೊಡ್ಡದರ ಖಾಲಿ ತೂಕ 2150 ಕೆ.ಜಿ., ಸಾಮಾನು ತುಂಬಿದ ಮೇಲೆ ಗರಿಷ್ಠ 2700. ಕಾರಿನ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿ ಜನ, ಸಾಮಾನು ಎಲ್ಲ ಸೇರಿ 600 ಕೆ.ಜಿ. ಮೀರಬಾರದು ಅಂತಿದೆ. ನಾವು ನಾಲ್ಕು ಜನ, ಒಟ್ಟು 260 ಕೆ.ಜಿ. ಮಾರುವವರು ಆರಾಮಾಗಿ ಎಳೆಯುತ್ತದೆ ಅನ್ನುತ್ತಾರೆ. ತಗೊಳ್ಳಬಹುದಾ?

ಉತ್ತರ: ಬೇಡ. ಮಾರುವವರು ಸುಳ್ಳೇನೂ ಹೇಳಿಲ್ಲ, ಎಳೆಯುವುದಂತೂ ಎಳೆಯುತ್ತದೆ. ಆದರೆ ಆ 3000ಕ್ಕಿಂತ ಮೊದಲು ನಿಮ್ಮ 600 ಮುಗಿದುಹೋಗುತ್ತದೆ. ದೊಡ್ಡ ಟ್ರೇಲರ್ ಆಸೆಪಟ್ಟವರು ಸಾಮಾನ್ಯವಾಗಿ ಎಡವುವುದೇ ಇಲ್ಲಿ.

ಖಾಲಿ ತೂಕವನ್ನು ಮೊದಲು ಮರೆತುಬಿಡಿ, ಖಾಲಿ ಟ್ರೇಲರ್ ತಗೊಂಡು ಯಾರೂ ಪ್ರವಾಸ ಹೋಗುವುದಿಲ್ಲ, ಅಲ್ವಾ? ಬ್ಯಾಟರಿ, ಗ್ಯಾಸ್ ಸಿಲಿಂಡರ್, ಹಾಸಿಗೆ, ಪಾತ್ರೆ, ಬಟ್ಟೆ, ಕುರ್ಚಿ, ಇವುಗಳ ಮೇಲೆ ನೀರು. 150 ಲೀಟರ್ ಟ್ಯಾಂಕ್ ತುಂಬಿಸಿದರೆ ಅದೊಂದೇ 150 ಕೆ.ಜಿ. ಹಾಗಾಗಿ 2600 ಅಂತಲೇ ಇಟ್ಟುಕೊಳ್ಳಿ. ಇಂಥ ಟ್ರೇಲರ್‌ಗಳಲ್ಲಿ ಒಟ್ಟು ತೂಕದ ಶೇ. 10ರಿಂದ 15ರಷ್ಟು ಹಿಚ್ ಮೇಲೆ, ಅಂದರೆ ಟ್ರೇಲರ್ ಜೋಡಿಸುವ ಕಾರಿನ ಹಿಂದಿನ ಕೊಂಡಿಯ ಮೇಲೆ ಕೂರುತ್ತದೆ. ಶೇ. 12 ಅಂದರೂ 312 ಕೆ.ಜಿ. ಇದನ್ನು ನಿಮ್ಮ ಕಾರು ಎಳೆಯುವುದಿಲ್ಲ, ಬೆನ್ನ ಮೇಲೆ ಹೊರುತ್ತದೆ, ಅಂದರೆ ಆ 600ರಲ್ಲೇ ಇದೂ ಸೇರುತ್ತದೆ. ನಿಮ್ಮ 260 ಕೂಡಿಸಿ. ತೂಕ ಹಂಚುವ ಹಿಚ್ ಹಾಕಿಸಿದರೆ ಅದರದ್ದೇ ಸುಮಾರು 40. ಒಟ್ಟು 612 ಆಯಿತು. ಡಿಕ್ಕಿಯಲ್ಲಿ ಇನ್ನೂ ಒಂದು ಬ್ಯಾಗೂ ಇಟ್ಟಿಲ್ಲ!

ತೂಕ ಹಂಚುವ ಹಿಚ್ ಇದ್ದರೆ ಎಲ್ಲ ಸರಿಹೋಗುತ್ತದೆ ಅಂತ ಯಾರಾದರೂ ಹೇಳಬಹುದು. ಒಳ್ಳೆಯ ಸಾಧನವೇ. ಹಿಂದೆ ಕುಸಿದ ಕಾರನ್ನು ಸಮ ಮಾಡುತ್ತದೆ, ಮುಂದಿನ ಚಕ್ರಗಳಿಗೆ ಹಿಡಿತ ವಾಪಸ್ ಕೊಡುತ್ತದೆ. ಆದರೆ ಕಂಪನಿ ಬರೆದ ಮಿತಿಯನ್ನು ಅದು ಹೆಚ್ಚಿಸುವುದಿಲ್ಲ, ಕೆಲವು ಕಾರುಗಳಿಗಂತೂ ಅದನ್ನು ಹಾಕಲೇಬಾರದು ಅಂತ ಪುಸ್ತಕದಲ್ಲೇ ಇರುತ್ತದೆ. ಇನ್ನೊಂದು ಜಾಣತನ, ಸಾಮಾನನ್ನೆಲ್ಲ ಟ್ರೇಲರ್‌ನ ಹಿಂಬದಿಗೆ ತಳ್ಳಿ ಹಿಚ್ ಭಾರ ಕಡಿಮೆ ಮಾಡುವುದು. ದಯವಿಟ್ಟು ಇದಕ್ಕೆ ಕೈ ಹಾಕಬೇಡಿ, ಹಿಂದೆ ಭಾರ ಜಾಸ್ತಿಯಾದ ಟ್ರೇಲರ್ ವೇಗದಲ್ಲಿ ಬಾಲ ಬೀಸುವುದಕ್ಕೆ ಶುರುಮಾಡಿದರೆ ಕಾರನ್ನೂ ಜೊತೆಗೆ ಎಳೆದಾಡುತ್ತದೆ.

ಹಾಗಾದರೆ ಆ 3000 ಎಲ್ಲಿಂದ ಬಂತು? ವಾಹನ ಎಷ್ಟು ಎಳೆಯಬಲ್ಲದು ಅಂತ ಅಳೆಯಲು ಅಮೆರಿಕದಲ್ಲಿ ಬಳಸುವ ಜೆ2807 ಮಾನದಂಡವನ್ನೇ ನೋಡಿ: ಚಾಲಕ ಮತ್ತು ಒಬ್ಬ ಪ್ರಯಾಣಿಕ, ತಲಾ 68 ಕೆ.ಜಿ. ಅಂತ ಅದರ ಲೆಕ್ಕ. ನಿಮ್ಮ ಇಡೀ ಸಂಸಾರ ಅದರಲ್ಲಿಲ್ಲ.

ತೂಕ ಒಂದೇ ಅಲ್ಲ, ಉದ್ದ ಮತ್ತು ಎತ್ತರವೂ ಕಾಡುತ್ತವೆ. ದೊಡ್ಡ ಟ್ರೇಲರ್‌ನ ಪಕ್ಕದ ಗೋಡೆಗೆ ಅಡ್ಡಗಾಳಿ ಹೊಡೆದಾಗ, ಲಾರಿಯೊಂದು ಪಕ್ಕದಲ್ಲಿ ಹಾದುಹೋದಾಗ, ಅದನ್ನು ತಡೆದು ನಿಲ್ಲಿಸಬೇಕಾದದ್ದು ಕಾರು. ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ ಕಡಿಮೆ ಇರುವ ಎಸ್‌ಯುವಿಗೆ ಇದು ಕಷ್ಟ, ಎಂಜಿನ್ ಎಷ್ಟೇ ಬಲವಾಗಿರಲಿ.

ನಿಮ್ಮ ಕಾರಿಗೆ ಹೊಂದುವುದು ಯಾವುದು ಅಂದರೆ, ಉಲ್ಟಾ ಲೆಕ್ಕ ಹಾಕಿ. 600ರಲ್ಲಿ ಜನ 260, ಕಾರಿನೊಳಗಿನ ಸಾಮಾನಿಗೆ 80, ಹಿಚ್‌ಗೆ 40 ಕಳೆದರೆ ಉಳಿಯುವುದು 220. ಶೇ. 12ರ ಲೆಕ್ಕದಲ್ಲಿ, ಸಾಮಾನು ತುಂಬಿ ಸುಮಾರು 1800 ಕೆ.ಜಿ. ತೂಗುವ ಟ್ರೇಲರ್. ಹಿಚ್‌ನ ಮಿತಿ, ಹಿಂದಿನ ಆಕ್ಸಲ್‌ನ ಮಿತಿ, ಕಾರು ಮತ್ತು ಟ್ರೇಲರ್ ಸೇರಿದ ಒಟ್ಟು ಮಿತಿ, ಇವನ್ನೂ ನೋಡಿ, ಎಲ್ಲಕ್ಕಿಂತ ಕಡಿಮೆ ಇರುವುದೇ ನಿಮ್ಮ ಮಿತಿ. ತಗೊಂಡ ಮೇಲೆ ಒಮ್ಮೆ ಪ್ರವಾಸಕ್ಕೆ ತುಂಬಿಸಿದಂತೆಯೇ ತುಂಬಿಸಿ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ. 2700ರದ್ದೇ ಬೇಕು ಅಂದರೆ ಮೊದಲು ಕಾರು ಬದಲಾಯಿಸಿ.

ಪ್ರಶ್ನೆ: ಹೋಗುವಾಗ ಟ್ರೇಲರ್ ಓಲಾಡತೊಡಗಿದರೆ ಬ್ರೇಕ್ ಒತ್ತಬೇಕಾ?

ಉತ್ತರ: ಕಾರಿನ ಬ್ರೇಕ್ ಜೋರಾಗಿ ತುಳಿಯಬೇಡಿ. ವೇಗ ಹೆಚ್ಚಿಸಿ ನೇರ ಮಾಡುತ್ತೇನೆ ಅಂತಲೂ ಹೋಗಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟೀರಿಂಗ್ ನೇರ ಹಿಡಿಯಿರಿ. ಟ್ರೇಲರ್‌ನ ಬ್ರೇಕನ್ನು ಮಾತ್ರ ಕೈಯಿಂದ ಒತ್ತುವ ಕಂಟ್ರೋಲರ್ ಇದ್ದರೆ ಮೆಲ್ಲಗೆ ಒತ್ತಿ. ನಿಂತ ಮೇಲೆ ಟೈರ್ ಗಾಳಿ ನೋಡಿ, ಆಮೇಲೆ ಸಾಮಾನು ಎಲ್ಲೆಲ್ಲಿ ಇಟ್ಟಿದ್ದೀರಿ ಅಂತ ನೋಡಿ.