ಅಣ್ಣನ ಮಗ ಓದಿದ ಕಾಲೇಜು

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಕಾಲೇಜು ಆಯ್ಕೆಗೆ ಸಲಹೆ ಕೇಳಿ ನನ್ನ ಬಳಿ ಬಂದಿದ್ದ ಹಾಸನ ಕಡೆಯ ಕುಟುಂಬ. ಸಿಇಟಿ ಸೀಟು ಹಂಚಿಕೆಯ ಮೊದಲ ಸುತ್ತಿನಲ್ಲಿ ಮಗಳಿಗೆ ಪಕ್ಕದ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವಳು ಬಯಸಿದ್ದ ಎಲೆಕ್ಟ್ರಾನಿಕ್ಸ್ ವಿಭಾಗವೇ ಸಿಕ್ಕಿತ್ತು. ತಂದೆಗೆ ಸಮಾಧಾನವಿಲ್ಲ. ಸಿಕ್ಕ ಸೀಟು ಬೇಡವೆನ್ನುವ ಚಾಯ್ಸ್-4 ಕೊಟ್ಟು ಪ್ರಕ್ರಿಯೆಯಿಂದ ಹೊರಬಂದು, ಬೆಂಗಳೂರಿನ ಹೆಸರಾಂತ ಕಾಲೇಜಿನಲ್ಲಿ ಆಡಳಿತ ಮಂಡಳಿ ಕೋಟಾದಡಿ ಅದೇ ವಿಭಾಗ ಕೊಡಿಸಬೇಕು. ಅದಕ್ಕೆ ತೋಟದ ಮೇಲೆ ಸಾಲ ಎತ್ತಲೂ ಸಿದ್ಧ. “ಆ ಕಾಲೇಜಿನ ಹೆಸರು ಹೇಳಿದರೆ ಸಾಕು ಮೇಡಂ, ಮುಂದೆ ಯಾರೂ ಏನೂ ಕೇಳುವುದಿಲ್ಲ. ನಮ್ಮ ಅಣ್ಣನ ಮಗ ಓದಿದ್ದೂ ಅಲ್ಲೇ.” ಅರ್ಧ ಪ್ರಕರಣ ಆ ಕೊನೆಯ ಮಾತಿನಲ್ಲೇ ಇತ್ತು. ಹುಡುಗಿ ಸಾಲದ ಮಾತು ಬಂದಾಗ ಮಾತ್ರ ತಲೆಯೆತ್ತಿ ಅಪ್ಪನ ಮುಖ ನೋಡಿದಳು.

ಹೆಸರಿಗೆ ಬೆಲೆಯಿಲ್ಲ ಎಂದು ನಾನು ಹೇಳಲಿಲ್ಲ. ಹೆಸರು ನೋಡಿ ಬರುವ ಕಂಪನಿಗಳಿವೆ. ಬೆಂಗಳೂರಿನಲ್ಲಿದ್ದರೆ ಇಂಟರ್ನ್‌ಶಿಪ್ ಹುಡುಕುವುದೂ ಸುಲಭ. ಆದರೆ ಎರಡೂ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಯ ಕಾಲೇಜುಗಳು, ಪದವಿ ಕೊಡುವುದು ಅದೇ ವಿಶ್ವವಿದ್ಯಾಲಯ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಕೊಡುವ ಮಾನ್ಯತೆ ಇಡೀ ಸಂಸ್ಥೆಗೆ ಸಿಗುವಂಥದ್ದು. ತಾಂತ್ರಿಕ ಕೋರ್ಸುಗಳ ಗುಣಮಟ್ಟ ನೋಡಿ ಕೊಡುವ ಎನ್‌ಬಿಎ ಮಾನ್ಯತೆ ಒಂದೊಂದು ಕೋರ್ಸಿಗೂ ಬೇರೆ, ಅದಕ್ಕೊಂದು ಅವಧಿಯೂ ಉಂಟು. ಎಲೆಕ್ಟ್ರಾನಿಕ್ಸ್‌ಗೆ ಇದೆಯೇ, ಅವಧಿ ಮುಗಿದಿಲ್ಲವೇ ಎಂದು ವಿಚಾರಿಸಲು ಹೇಳಿದೆ. ಫ್ಲೆಕ್ಸ್‌ನಲ್ಲಿ ಹಾಕುವ ‘ಅತಿ ಹೆಚ್ಚು ಪ್ಯಾಕೇಜ್’ ಯಾರೋ ಒಬ್ಬರದು. ಈ ವಿಭಾಗದಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಸಾಧಾರಣ ವಿದ್ಯಾರ್ಥಿಯ ಸಂಬಳವೆಷ್ಟು ಎಂಬುದೇ ಕೇಳಬೇಕಾದ ಪ್ರಶ್ನೆ.

ತರಗತಿ ನಡೆಯುವ ದಿನ ಎರಡೂ ಕಡೆ ಹೋಗಿಬನ್ನಿ, ಪ್ರಶ್ನೆಗಳನ್ನು ಮಗಳೇ ಕೇಳಲಿ ಎಂದು ಕಳುಹಿಸಿದೆ.

ಬೆಂಗಳೂರಿನಲ್ಲಿ ಸಭಾಂಗಣ ತೋರಿಸಿದರಂತೆ, ಕಾಫಿ ಕೊಟ್ಟರಂತೆ, ವಿಭಾಗದೊಳಗೆ ಬಿಡಲಿಲ್ಲ. ಇನ್ನೊಂದು ಕಡೆ ಗೋಡೆಯ ಸುಣ್ಣ ಉದುರುತ್ತಿತ್ತು, ಆದರೆ ಲ್ಯಾಬಿನಲ್ಲಿ ಒಂದೊಂದು ಆಸಿಲೋಸ್ಕೋಪಿಗೆ ಇಬ್ಬರೇ ವಿದ್ಯಾರ್ಥಿಗಳು. ಅಧ್ಯಾಪಕಿಯೊಬ್ಬರು ರೆಕಾರ್ಡ್ ಪುಸ್ತಕದಲ್ಲಿದ್ದ ಸರ್ಕ್ಯೂಟಿಗೆ ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆದು, ಮತ್ತೆ ಬರೆದು ತಾ ಎಂದು ಹುಡುಗನನ್ನು ವಾಪಸು ಕಳುಹಿಸಿದರಂತೆ. ಇದನ್ನು ಹೇಳುವಾಗ ಹುಡುಗಿಯ ದನಿಯೇ ಬೇರೆಯಾಗಿತ್ತು. ಅಲ್ಲಿಗೆ ಬರುವ ಕಂಪನಿಗಳು ಕಡಿಮೆ ಎಂಬುದನ್ನೂ ಅವಳೇ ಗುರುತು ಹಾಕಿಕೊಂಡು ಬಂದಿದ್ದಳು.

ನನ್ನ ಸಲಹೆ: ಚಾಯ್ಸ್-4 ಬೇಡ. ಸಿಕ್ಕ ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೂ ಕಾಯುವ ಚಾಯ್ಸ್-2 ಕೊಟ್ಟು ಶುಲ್ಕ ಕಟ್ಟಿ ಸೀಟು ಉಳಿಸಿಕೊಳ್ಳಿ. ಬೆಂಗಳೂರಿನ ಕಾಲೇಜು ಸಿಇಟಿ ಶುಲ್ಕಕ್ಕೇ ಎರಡನೇ ಸುತ್ತಿನಲ್ಲಿ ಸಿಕ್ಕರೆ ಧಾರಾಳವಾಗಿ ಸೇರಿಸಿ. ತೋಟ ಅಡವಿಟ್ಟು ಕೊಳ್ಳುವಷ್ಟು ವ್ಯತ್ಯಾಸ ಕಲಿಕೆಯಲ್ಲಿ ನನಗೆ ಕಾಣುತ್ತಿಲ್ಲ.

ಎರಡನೇ ಸುತ್ತಿನಲ್ಲಿ ಬೆಂಗಳೂರು ಸಿಗಲಿಲ್ಲ. ಮಗಳು ಪಕ್ಕದ ಜಿಲ್ಲೆಗೇ ಹೋದಳು. ಅಣ್ಣನ ಮನೆಯವರಿಗೆ ಏನು ಹೇಳುವುದೆಂಬ ಚಿಂತೆಗೆ ಮಾತ್ರ ತಂದೆ ಮತ್ತೊಮ್ಮೆ ಒಬ್ಬರೇ ಬಂದು ಕುಳಿತರು.