"ಆಗುತ್ತೆ ಮೇಡಂ" ಎನ್ನುತ್ತಿದ್ದ ಗೋಡೌನಿನವರು

ಇದು ಆಪ್ತಸಲಹೆಗೆಂದು ನನ್ನ ಬಳಿಗೆ ಬಂದ ಒಬ್ಬರ ಕಥೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಜಾಗ, ಸರಕು, ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇನೆ.

ಅವರಿಗೆ 41 ವರ್ಷ. ನೆಲಮಂಗಲದ ಕಡೆ ಗೋಡೌನ್ ಇಟ್ಟಿದ್ದಾರೆ. ಆನ್‌ಲೈನಿನಲ್ಲಿ ಮಾರುವ ಸಣ್ಣ ಬ್ರಾಂಡುಗಳ ಸರಕು ಇವರ ಬಳಿ ಇರುತ್ತದೆ. ಆರ್ಡರ್ ಬಂದ ಹಾಗೆ ರ‍್ಯಾಕಿನಿಂದ ತೆಗೆದು, ಪ್ಯಾಕ್ ಮಾಡಿ, ಲೇಬಲ್ ಅಂಟಿಸಿ ಕೊರಿಯರಿನವರಿಗೆ ಕೊಡುವುದು ಕೆಲಸ. ಒಟ್ಟು 14 ಬ್ರಾಂಡು, 22 ಜನ ಹುಡುಗರು. ಈ ಗೋಡೌನಿನವರನ್ನು ನನ್ನ ಬಳಿ ಕರೆತಂದದ್ದು ಅವರ ಹೆಂಡತಿ. "ರಾತ್ರಿ ಫೋನ್ ಬಂದ್ರೆ ಇವರ ಕೈ ನಡುಗುತ್ತೆ ಸರ್. ಎರಡು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ" ಎಂದರು. ಅವರು ಮಾತ್ರ ನೆಲ ನೋಡುತ್ತಾ ಕೂತಿದ್ದರು.

ಫೋನ್ ಮಾಡುತ್ತಿದ್ದವರು ಇವರ ಮೊದಲ ಗಿರಾಕಿ, ಸಿರಿಧಾನ್ಯದ ಬಿಸ್ಕತ್ತು ಮಾರುವ ಒಬ್ಬ ಮೇಡಂ. ಮನೆ ಅಡುಗೆಮನೆಯಲ್ಲಿ ಶುರು ಮಾಡಿ, ದಿನಕ್ಕೆ 30 ಆರ್ಡರ್ ಇದ್ದಾಗ ಇವರ ಹತ್ತಿರ ಬಂದವರು. ಈಗ 900 ದಾಟುತ್ತದೆ. ಇಬ್ಬರ ವ್ಯಾಪಾರವೂ ಒಟ್ಟಿಗೆ ಬೆಳೆದದ್ದು, ಆಯುಧ ಪೂಜೆಗೆ ಮೇಡಂ ಅವರೇ ಸಿಹಿ ತಂದು ಹುಡುಗರಿಗೆಲ್ಲ ಹಂಚುತ್ತಿದ್ದರಂತೆ. ದೀಪಾವಳಿ ಸೇಲಿನಲ್ಲಿ ಎಲ್ಲ ಕೆಟ್ಟಿತು. ಎಕ್ಸ್‌ಪೈರಿ ಹತ್ತಿರ ಬಂದ ಸರಕು ಮೊದಲು ಹೊರಗೆ ಹೋಗಬೇಕು ಎಂಬುದು ಈ ಕೆಲಸದ ಮೊದಲ ಪಾಠ. ಹಿಂದಿನ ರ‍್ಯಾಕಿನಲ್ಲಿ ಮರೆತುಹೋಗಿದ್ದ ಒಂದು ಬ್ಯಾಚ್ ದಿನಾಂಕ ಮುಗಿದ ಮೇಲೆ ಹೊರಗೆ ಹೋಗಿತ್ತು. ಕೊಂಡವರೊಬ್ಬರು ಫೋಟೋ ತೆಗೆದು ಇನ್‌ಸ್ಟಾಗ್ರಾಮಿನಲ್ಲಿ ಹಾಕಿದರು. ಅದೇ ವಾರ ಸ್ಟಾಕ್ ಎಣಿಸಿದಾಗ 312 ಪ್ಯಾಕೆಟ್ ಕಮ್ಮಿ. ಮೇಡಂ ವಾಟ್ಸಾಪ್ ಗ್ರೂಪಿನಲ್ಲಿ, ಹುಡುಗರೆಲ್ಲ ಓದುವ ಹಾಗೆ, "ನಿಮ್ಮಲ್ಲಿ ಕಳ್ಳತನ ನಡೀತಿದೆ" ಎಂದು ಬರೆದರು.

ಇವರು ಅದಕ್ಕೆ ಏನೂ ಹೇಳಲಿಲ್ಲ. ಸುಮ್ನೆ ಬಿಲ್ಲಿನಲ್ಲಿ ರಿಯಾಯಿತಿ ಕೊಟ್ಟರು, ಗಿಫ್ಟ್ ಸುತ್ತುವುದನ್ನು ಪುಕ್ಕಟೆ ಮಾಡಿದರು, ವಾಪಸ್ ಬಂದ ಪ್ಯಾಕೆಟ್ ತೆಗೆದು ನೋಡುವ ಕೂಲಿಯನ್ನೂ ಬಿಟ್ಟರು. ಮೇಡಂ ಕೊಡಬೇಕಿದ್ದ ನಾಲ್ಕು ತಿಂಗಳ ಬಾಕಿ ಕೇಳುವ ಧೈರ್ಯ ಹೇಗೂ ಇರಲಿಲ್ಲ.

ಎರಡನೇ ಭೇಟಿಯಲ್ಲಿ ನಾನು ಅವರ ಫೋನ್ ಕೇಳಲಿಲ್ಲ, ಅವರೇ ತೆಗೆದು ಆ ಮೇಡಂ ಜೊತೆಗಿನ ಮೆಸೇಜುಗಳನ್ನು ಗಟ್ಟಿಯಾಗಿ ಓದಲಿ ಎಂದೆ. ಓದುತ್ತಾ ಹೋದರು. ಆ ಕಡೆಯಿಂದ ಒಂದೊಂದೂ ನೇರ ಪ್ರಶ್ನೆ. ಎಷ್ಟು ಹೋಯಿತು, ಎಷ್ಟು ಉಳಿಯಿತು, ಯಾಕೆ ಉಳಿಯಿತು. ಈ ಕಡೆಯಿಂದ "ನೋಡ್ತೀನಿ ಮೇಡಂ", "ಆಗುತ್ತೆ ಮೇಡಂ". ಒಂದು ವಾರದಲ್ಲೇ 23 ಸಲ "ಆಗುತ್ತೆ". ಎಣಿಸಿದವರು ಅವರೇ. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ನಿಮ್ಮನೆಯಲ್ಲಿ ಗಿರಾಕಿಗೆ ಇಲ್ಲ ಅಂತ ಯಾರು ಹೇಳ್ತಿದ್ರು?" ಎಂದು ಕೇಳಿದೆ. ಅಪ್ಪನದು ಊರಿನಲ್ಲಿ ಕಿರಾಣಿ ಅಂಗಡಿ. ಗಲ್ಲಾದ ಹತ್ತಿರ ಕೂತು "ಇಲ್ಲ" ಎನ್ನಬಾರದು, ಲಕ್ಷ್ಮಿ ಹೊರಟುಹೋಗುತ್ತಾಳೆ ಎನ್ನುತ್ತಿದ್ದರಂತೆ. ಬೆಲ್ಲ ಖಾಲಿಯಾದರೆ "ನಾಳೆ ಬರುತ್ತೆ". ಸಂಜೆ ಕಿರಾಣಿಗೆ ಬಂದವರಿಗೆ ಅದು ಸಾಕಾಗುತ್ತಿತ್ತು, ಯಾಕೆಂದರೆ ಅವರು ಮರುದಿನವೂ ಅದೇ ಬೀದಿಯಲ್ಲಿ ಸಿಗುತ್ತಾರೆ. ಗೋಡೌನಿನ ಕೆಲಸ ಹಾಗಲ್ಲ. ಬಾಕ್ಸ್ ತೆಗೆಯುವವರಿಗೆ ಇವರ ಗೋಡೌನ್ ಒಂದಿದೆ ಎಂದೇ ಗೊತ್ತಿಲ್ಲ. ಡಬ್ಬಿಯ ಮೇಲೆ ಇರುವುದು ಮೇಡಂ ಹೆಸರು, ಬೈಸಿಕೊಳ್ಳುವವರೂ ಅವರೇ. ಇವರ "ಆಗುತ್ತೆ"ಯನ್ನು ನಂಬಿ ಆಕೆ ತನ್ನ ಗಿರಾಕಿಗೆ ಮಾತು ಕೊಟ್ಟಿರುತ್ತಾರೆ. ರಾತ್ರಿ 11 ಗಂಟೆಗೆ ಫೋನ್ ಮಾಡುವವರನ್ನು ನಾವು ದರ್ಪದವರು ಅಂದುಕೊಳ್ಳುತ್ತೇವೆ ಅಲ್ವಾ? ನನಗೆ ಆ ಮೆಸೇಜುಗಳಲ್ಲಿ ಕಂಡದ್ದು ದರ್ಪಕ್ಕಿಂತ ಜಾಸ್ತಿ ಭಯ.

ನಾನು ಮೊದಲು ಹೇಳಿದ್ದು ವ್ಯಾಪಾರದ ಮಾತಲ್ಲ. ಡಾಕ್ಟರಿಗೆ ತೋರಿಸಿ, ಬಿಪಿ ನೋಡಿಸಿ ಎಂದೆ. ರಾತ್ರಿ ತೀರಾ ತಡೆಯಲಾರದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು ಎಂದು ಬರೆದುಕೊಟ್ಟೆ.

ಆಮೇಲೆ ಕಾಗದ ಕೊಟ್ಟು ಮೇಡಂಗೆ ಒಂದು ಪತ್ರ ಬರೆಯಿರಿ ಎಂದೆ. ಮೊದಲ ಸಲ ಬರೆದದ್ದು ಪೂರ್ತಿ ಕ್ಷಮೆ, ಕೊನೆಗೆ ಮತ್ತೆ "ಎಲ್ಲ ಸರಿ ಹೋಗುತ್ತೆ". ಹರಿದು ಹಾಕಿದೆವು. ಮೂರನೇ ಸಲಕ್ಕೆ ಬಂದದ್ದು ಇಷ್ಟೇ: ದಿನಾಂಕ ಮುಗಿದ ಬ್ಯಾಚ್ ನಮ್ಮ ತಪ್ಪು. 312 ಎಲ್ಲಿ ಹೋಯಿತು ಅಂತ ನಮಗೆ ಇನ್ನೂ ಗೊತ್ತಿಲ್ಲ. ಬುಧವಾರ ನೀವು ಬನ್ನಿ, ನಿಮ್ಮ ಎದುರೇ ಎಣಿಸುತ್ತೇವೆ. "ಗೊತ್ತಿಲ್ಲ" ಎಂದು ಬರೆಯುವಾಗ ಅವರ ಪೆನ್ನು ನಿಂತದ್ದು ನನಗೆ ಈಗಲೂ ನೆನಪಿದೆ.

ಮೇಡಂ ಬಂದರು. ಇಡೀ ದಿನ ಎಣಿಸಿದರು. 190 ಪ್ಯಾಕೆಟ್ ಮೂಲೆಯ ಚೀಲಗಳಲ್ಲಿತ್ತು. ಗಿರಾಕಿ ಬೇಡವೆಂದು ವಾಪಸ್ ಬಂದ ಕ್ಯಾಶ್ ಆನ್ ಡೆಲಿವರಿ ಸರಕು. ಕೊರಿಯರ್ ಹುಡುಗ ಸ್ಕ್ಯಾನ್ ಮಾಡಿದ ಕೂಡಲೇ ಸಿಸ್ಟಮ್ ಅದನ್ನು ಸ್ಟಾಕಿಗೆ ಸೇರಿಸಿತ್ತು, ಚೀಲ ಮಾತ್ರ ಯಾರೂ ಬಿಚ್ಚಿರಲಿಲ್ಲ. ಇನ್ನು 64 ಕಾಂಬೋ ಲೆಕ್ಕದ್ದು. ಎರಡರ ಜೋಡಿ ಹೋದಾಗಲೂ ಸಿಸ್ಟಮ್ ಒಂದನ್ನೇ ಕಳೆಯುತ್ತಿತ್ತು. ಹಾಗೆ ಸೆಟ್ ಮಾಡಿದ್ದು ಮೇಡಂ ಕಡೆಯವರು. ಉಳಿದ 58 ಸಿಗಲೇ ಇಲ್ಲ. ಅದರ ದುಡ್ಡು ಇವರು ಕೊಟ್ಟರು. ಕಳ್ಳತನ ಎಂದ ಮಾತನ್ನು ಮೇಡಂ ಅದೇ ಗ್ರೂಪಿನಲ್ಲಿ ವಾಪಸ್ ತೆಗೆದುಕೊಂಡರು. ನಾನು ಕೇಳಿಕೊಂಡಿದ್ದು ಇದನ್ನೇ, ಹುಡುಗರ ಎದುರು ಹೋದ ಮರ್ಯಾದೆ ಹುಡುಗರ ಎದುರೇ ವಾಪಸ್ ಬರಬೇಕು.

ಬಾಕಿಯ ವಿಷಯ ಇನ್ನೂ ಕಷ್ಟದ್ದು. ಯಾರೋ ಗೆಳೆಯರು "ದುಡ್ಡು ಬರೋವರೆಗೆ ಅವರ ಸರಕು ಹೊರಗೆ ಬಿಡಬೇಡ" ಎಂದು ತಲೆಗೆ ಹಾಕಿದ್ದರು. ಬೇಡ ಎಂದೆ. ತಿನ್ನುವ ಸಾಮಾನು, ದಿನ ಕಳೆದಂತೆ ಹಾಳಾಗುತ್ತದೆ. ತಡೆಹಿಡಿಯುವ ಹಕ್ಕು ಎಷ್ಟಿದೆ ಎಂಬುದು ವಕೀಲರು ಕರಾರು ಓದಿ ಹೇಳಬೇಕಾದ್ದು, ಕೋಪದಲ್ಲಿ ತೀರ್ಮಾನಿಸುವುದಲ್ಲ. ಅವರ ಆಡಿಟರ್ ಬೇರೆ ದಾರಿ ತೋರಿಸಿದರು. ಸಣ್ಣ ಉದ್ಯಮ ಎಂದು ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪತ್ರ ಇವರಲ್ಲಿ ಫ್ರೇಮಿನಲ್ಲಿ ಗೋಡೆಯ ಮೇಲಿದೆ, ಬಿಲ್ಲಿನಲ್ಲಿ ಅದರ ನಂಬರ್ ಒಂದು ಸಲವೂ ಹಾಕಿಲ್ಲ! 2006ರ ಎಂಎಸ್‌ಎಂಇಡಿ ಕಾಯ್ದೆಯ (ಸಣ್ಣ, ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ) ಪ್ರಕಾರ ಸಣ್ಣ ಉದ್ಯಮದ ಹಣವನ್ನು ಕರಾರಿನಲ್ಲಿ ಏನೇ ಇದ್ದರೂ 45 ದಿನದೊಳಗೆ ಕೊಡಬೇಕು. ಹಾಗಾಗಿ ಬಾಕಿ ಕೇಳುವುದು ಬೇಡುವುದಲ್ಲ ಎಂಬುದು ಅವರ ಮನಸ್ಸಿಗೆ ಇಳಿಯಲು ಎರಡು ಭೇಟಿ ಹಿಡಿಯಿತು.

ದಿನದ ನಡವಳಿಕೆಗೆ ನಾವು ಒಪ್ಪಿಕೊಂಡದ್ದು ಎರಡೇ ನಿಯಮ. ಸಂಜೆ 6ಕ್ಕೆ, ಮೇಡಂ ಕೇಳುವ ಮುಂಚೆ, ಎಷ್ಟು ಹೋಯಿತು, ಎಷ್ಟು ಉಳಿಯಿತು, ಯಾಕೆ ಎಂದು ಇವರೇ ಬರೆಯಬೇಕು. ಕೆಟ್ಟ ಸುದ್ದಿ ಮೊದಲ ಸಾಲಿನಲ್ಲಿ. ರಾತ್ರಿ 8ರ ಮೇಲೆ ಬೆಂಕಿ, ಮಳೆ, ಪೊಲೀಸ್ ಬಿಟ್ಟು ಬೇರೆ ಯಾವುದಕ್ಕೂ ಫೋನ್ ಇಲ್ಲ. ಈ ಮಾತನ್ನು ಮೇಡಂಗೆ ಬಾಯಿಬಿಟ್ಟು ಹೇಳುವುದನ್ನು ನನ್ನ ಕೋಣೆಯಲ್ಲೇ ಆರು ಸಲ ಅಭ್ಯಾಸ ಮಾಡಿದರು.

ಎಲ್ಲ ಮೊದಲಿನ ಹಾಗೆ ಆಗಲಿಲ್ಲ. ಮೇಡಂ ಅರ್ಧ ಆರ್ಡರುಗಳನ್ನು ಹೊಸಕೋಟೆ ಕಡೆಯ ಇನ್ನೊಂದು ಗೋಡೌನಿಗೆ ಕೊಟ್ಟರು. ಹೊಸ ಜಾಗವನ್ನು ತಮ್ಮ ಜಿಎಸ್‌ಟಿ ನೋಂದಣಿಗೆ ಸೇರಿಸುವ ಮುಂಚೆಯೇ ಇವರಿಗೆ ಫೋನ್ ಮಾಡಿ ತಿಳಿಸಿದರು. ಇವರು ಆ ದಿನ ಅತ್ತರು. ಬಾಕಿ ಮೂರು ಕಂತಿನಲ್ಲಿ ಬಂತು.

ಕಳೆದ ಭೇಟಿಯಲ್ಲಿ ಹಿಂದಿನ ಸಂಜೆಯ ಮೆಸೇಜ್ ತೋರಿಸಿದರು. "ಇವತ್ತು 17 ಆರ್ಡರ್ ಹೋಗಿಲ್ಲ. ಪಿಕಪ್ ಗಾಡಿ ಬರಲಿಲ್ಲ. ನಾಳೆ 11ರ ಒಳಗೆ ಹೋಗುತ್ತೆ." ಕೆಳಗೆ ಮೇಡಂ ಬರೆದದ್ದು "ಸರಿ" ಎಂಬ ಒಂದೇ ಪದ. ಆ ರಾತ್ರಿ ಹತ್ತೂವರೆಗೆ ಮಲಗಿದರಂತೆ. ಮುಂದಿನ ಭೇಟಿಯನ್ನು ಆರು ವಾರಕ್ಕೆ ಹಾಕಿದ್ದೇವೆ.