ಖಾಲಿ ಬಿಟ್ಟ ದಿನಗಳು

ಚಿಕ್ಕಮಗಳೂರಿನಲ್ಲಿ ಆಪ್ತಸಮಾಲೋಚನೆಗೆಂದು ನನ್ನ ಬಳಿ ಬರುವ ಪದವಿ ವಿದ್ಯಾರ್ಥಿಗಳ ಬಾಯಲ್ಲಿ ಒಂದು ಮಾತು ಪದೇ ಪದೇ ಕೇಳುತ್ತಿದ್ದೇನೆ: “ಸಂಶೋಧನೆಯೆಲ್ಲ ನಮ್ಮಂಥವರಿಗಲ್ಲ ಮೇಡಂ.” ಹೀಗೆ ಹೇಳುವವರು ಹೆಚ್ಚಾಗಿ ತರಗತಿಯಲ್ಲಿ ಮುಂದಿರುವವರೇ. ಸುಮಾಳ ಪ್ರಕರಣವನ್ನು ಬರೆಯಲು ಇದೇ ಕಾರಣ. ಹೆಸರು, ಕೆಲವು ವಿವರಗಳು ಬದಲಾಗಿವೆ. ಬರೆಯಲು ಅವಳ ಒಪ್ಪಿಗೆಯಿದೆ.

ಬಿ.ಎಸ್ಸಿ. ಎರಡನೆಯ ವರ್ಷ. ತಂದೆ ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವವರು. ನಿದ್ದೆ ಬರುತ್ತಿಲ್ಲ, ಪುಸ್ತಕ ತೆರೆದರೆ ಅಳು ಬರುತ್ತದೆ ಎಂದು ಬಂದಿದ್ದಳು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಿದ್ದಳು. ಆಯ್ಕೆಯಾದರೆ ಎರಡು ತಿಂಗಳು ವಿಜ್ಞಾನಿಯೊಬ್ಬರ ಜೊತೆ ಕೆಲಸ, ಶಿಷ್ಯವೇತನ, ರೈಲಿನ ಖರ್ಚು. ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಆಮೇಲೆ ನಲವತ್ತು ಪ್ರಾಧ್ಯಾಪಕರಿಗೆ ಇಮೇಲ್ ಕಳುಹಿಸಿದಳು. ಒಬ್ಬರೂ ಉತ್ತರಿಸಲಿಲ್ಲ.

ಮೊದಲೆರಡು ಭೇಟಿಗಳು ನಿದ್ದೆ, ಊಟದ ವಿಚಾರದಲ್ಲೇ ಕಳೆದವು. “ಮುಂದಿನ ವರ್ಷ ಮತ್ತೆ ಹಾಕು” ಎಂದೆ. ಅದು ಸಮಾಧಾನದ ಮಾತಾಯಿತೇ ಹೊರತು ಸಲಹೆಯಾಗಲಿಲ್ಲ. ಅದು ನನ್ನನ್ನು ಬಹಳ ದಿನ ಕಾಡಿತು.

ಮೂರನೆಯ ಸಲ ಅವಳ ಇಮೇಲನ್ನು ಓದಿಸಿದೆ. ವಿಜ್ಞಾನದಲ್ಲಿ ಅಪಾರ ಆಸಕ್ತಿ, ತಮ್ಮ ಪ್ರತಿಷ್ಠಿತ ಪ್ರಯೋಗಾಲಯ, ಒಂದು ಅವಕಾಶ. ನಲವತ್ತೂ ಮಂದಿಗೆ ಅದೇ ಪತ್ರ. ಬದಲಾಗಿದ್ದುದು ಮೇಲಿನ ಹೆಸರು ಮಾತ್ರ.

“ಇದನ್ನು ಬರೆದವಳು ನೀನೇ ಎಂದು ಅವರಿಗೆ ಹೇಗೆ ತಿಳಿಯಬೇಕು?” ಎಂದು ಕೇಳಿದೆ.

ಅವಳಿಗೆ ಸಿಟ್ಟು ಬಂತು. “ಬೇರೆ ಏನು ಬರೆಯಲಿ ಮೇಡಂ? ನಮ್ಮ ಕಾಲೇಜಿನಲ್ಲಿ ದೊಡ್ಡ ಉಪಕರಣಗಳಿಲ್ಲ. ಮನೆಯಲ್ಲಿ ಇರುವುದು ಅಪ್ಪನ ಮಳೆ ಪುಸ್ತಕ ಒಂದೇ.”

ಮಳೆ ಪುಸ್ತಕದ ಬಗ್ಗೆ ಹೇಳು ಎಂದೆ. ಹೇಳಲು ಸಂಕೋಚಪಟ್ಟಳು, ಆಮೇಲೆ ನಿಲ್ಲಿಸಲಿಲ್ಲ. ತೋಟದ ಬಂಗಲೆಯ ಮುಂದೆ ಮಳೆಮಾಪಕ. ಬೆಳಿಗ್ಗೆ ಅಪ್ಪ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡಿ, ಕೆಂಪು ರಟ್ಟಿನ ಪುಸ್ತಕದಲ್ಲಿ ಇಂಚು, ಸೆಂಟ್ ಬರೆಯುತ್ತಾರೆ. ನೂರು ಸೆಂಟ್ ಎಂದರೆ ಒಂದು ಇಂಚು. ಹೂ ಮಳೆಯ ದಿನಕ್ಕೆ ಮಾತ್ರ ಪಕ್ಕದಲ್ಲಿ ಒಂದು ಸೊನ್ನೆ ಸುತ್ತುತ್ತಾರೆ, ಏಕೆಂದರೆ ಅದಾಗಿ ಎಂಟು–ಹತ್ತು ದಿನಕ್ಕೆ ಕಾಫಿ ಹೂ ಅರಳಿ ತೋಟ ಬೆಳ್ಳಗಾಗುತ್ತದೆ. ಅಪ್ಪನಿಗೆ ಜ್ವರ ಬಂದಾಗ ಇವಳೇ ಅಳೆದಿದ್ದಾಳೆ.

“ಆದರೆ ಆ ಲೆಕ್ಕ ನಂಬುವಂತಿಲ್ಲ ಮೇಡಂ,” ಎಂದಳು. “ಎಷ್ಟೋ ದಿನ ಖಾಲಿ ಇದೆ. ಆ ದಿನ ಮಳೆ ಬರಲಿಲ್ಲವೋ, ಅಪ್ಪ ರಜೆಯಲ್ಲಿದ್ದರೋ, ಹೇಗೆ ಗೊತ್ತಾಗಬೇಕು?”

ನಾನು ಪೆನ್ನು ಕೆಳಗಿಟ್ಟೆ. ಹಳೆಯ ದಾಖಲೆ ಹಿಡಿದು ಕೆಲಸ ಮಾಡುವವರೆಲ್ಲ ಮೊದಲು ಎದುರಿಸಬೇಕಾದ ಪ್ರಶ್ನೆ ಅದು. ಸಂಶೋಧನೆ ತನಗಲ್ಲ ಎಂದ ಹುಡುಗಿ ಅದನ್ನು ದೂರಿನಂತೆ ಹೇಳುತ್ತಿದ್ದಳು.

ನಾನು ಕೊಟ್ಟ ಸಲಹೆ ಇಷ್ಟು. ನಲವತ್ತು ಪತ್ರ ಬೇಡ, ಮೂರು ಸಾಕು. ಪತ್ರ ಆ ಖಾಲಿ ದಿನಗಳಿಂದಲೇ ಶುರುವಾಗಲಿ. ಆ ವಿಷಯದಲ್ಲೇ ಕೆಲಸ ಮಾಡುತ್ತಿರುವವರು ಯಾರೆಂದು ನೋಡಿ ಬರೆ. ಅದಕ್ಕೂ ಮುಂಚೆ ಪುಸ್ತಕ ಬಳಸಲು ತೋಟದ ಮಾಲೀಕರ ಅನುಮತಿ ಕೇಳು, ಅದು ಅವರ ಸ್ವತ್ತು. ಫೆಲೋಶಿಪ್ ಅರ್ಜಿಗೆ ಹೇಗೂ ಅಧ್ಯಾಪಕರ ಶಿಫಾರಸು ಪತ್ರ ಬೇಕು. ಕೊನೆಯ ವಾರ ಸಹಿಗೆ ಓಡುವ ಬದಲು ಈಗಲೇ ನಿಮ್ಮ ಅಧ್ಯಾಪಕರಿಗೆ ಪುಸ್ತಕ ತೋರಿಸು.

ಬಡವರ ಮನೆಯ ಹುಡುಗಿಗೆ ಆಸೆ ಹುಟ್ಟಿಸಬಾರದಿತ್ತು, ಬಿ.ಎಡ್. ಮಾಡು ಎನ್ನಬೇಕಿತ್ತು ಎಂದು ಹಿರಿಯ ಸಹೋದ್ಯೋಗಿಯೊಬ್ಬರು ನನ್ನನ್ನು ಆಕ್ಷೇಪಿಸಿದರು. ಬಿ.ಎಡ್. ಒಳ್ಳೆಯ ದಾರಿಯೇ, ಅವಳು ಅದನ್ನೂ ಮಾಡಬಹುದು. ಆದರೆ ಅವಳು ನನ್ನ ಮುಂದೆ ಅತ್ತದ್ದು ಕೆಲಸ ಸಿಗದಿದ್ದಕ್ಕಲ್ಲ. ತನ್ನ ಬಳಿ ಕೇಳುವಂಥ ಪ್ರಶ್ನೆಯೇ ಇಲ್ಲ ಎಂದುಕೊಂಡದ್ದಕ್ಕೆ. ಈ ಜಿಲ್ಲೆಯಲ್ಲಿ ಹಾಗೆ ಅಂದುಕೊಳ್ಳುವುದು ನನಗೆ ಸಂಕಟದ ವಿಷಯ. 1925ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ವಿಜ್ಞಾನಿ ಲೆಸ್ಲಿ ಕೋಲ್ಮನ್ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ತೆರೆದದ್ದು ಕಾಫಿಯ ಪ್ರಶ್ನೆಗಳಿಗೆ ಉತ್ತರ ಕಾಫಿ ತೋಟಗಳ ನಡುವೆಯೇ ಸಿಗಬೇಕೆಂದು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ. ಅಜ್ಜಿಯ ಮನೆಗೆ ಹೋಗುವಾಗೆಲ್ಲ ಸುಮಾಳ ಬಸ್ಸು ಆ ದಾರಿಯಲ್ಲೇ ಹೋಗುತ್ತದೆ. ಅದು ತನಗೂ ಸಂಬಂಧಪಟ್ಟದ್ದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಎರಡನೆಯ ಸಲವೂ ಫೆಲೋಶಿಪ್ ಸಿಗಲಿಲ್ಲ. ಅಂದು ಅತ್ತಳು, ಆದರೆ ಆ ರಾತ್ರಿ ನಿದ್ದೆ ಮಾಡಿದಳು. ಮೂರು ಪತ್ರಗಳಲ್ಲಿ ಒಂದಕ್ಕೆ ಉತ್ತರ ಬಂತು: ಅಂಕಿಗಳನ್ನು ಮೊದಲು ಕಂಪ್ಯೂಟರಿಗೆ ಏರಿಸಿ, ಆಮೇಲೆ ಮಾತನಾಡೋಣ ಎಂದು. ಕಾಲೇಜಿನ ಅಧ್ಯಾಪಕರೊಬ್ಬರು ಶನಿವಾರ ಮಧ್ಯಾಹ್ನ ಜೊತೆಗೆ ಕೂರುತ್ತಿದ್ದಾರೆ.

ಕಳೆದ ವಾರ ಬಂದವಳು ಮೊಬೈಲಿನಲ್ಲಿ ಎರಡು ಪುಟಗಳ ಚಿತ್ರ ತೋರಿಸಿದಳು. ಹಳೆಯ ಪುಟದಲ್ಲಿ ಮಳೆಯಿಲ್ಲದ ದಿನಕ್ಕೆ ಸಣ್ಣ ಗೆರೆಯಿತ್ತು, ಹೊಸದರಲ್ಲಿ ಇರಲಿಲ್ಲ. ಅಪ್ಪನನ್ನು ಕೇಳಿದ್ದಾಳೆ. “ಯಾರು ನೋಡುತ್ತಾರೆ ಎಂದು ಗೆರೆ ಹಾಕುವುದನ್ನು ಬಿಟ್ಟೆ ಮಗಳೇ” ಎಂದರಂತೆ. ಈಗ ಮತ್ತೆ ಹಾಕುತ್ತಿದ್ದಾರೆ.